ಅವ್ವನ ಹದಿನಾಲ್ಕನೆಯ ಜೋಡಿ

ಕ್ರೋಮೋಸೋಮುಗಳನ್ನು ಜೋಡಿ ಮಾಡುವುದು ನನ್ನ ಕೆಲಸ. ಹುಬ್ಬಳ್ಳಿಯ ಒಂದು ಪ್ರಯೋಗಾಲಯದಲ್ಲಿ ಬಹಳ ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ, ಚೆನ್ನಾಗಿಯೇ ಮಾಡುತ್ತೇನೆ. ಬಾರದ ವಿನಯ ತೋರಿಸಿ ಏನಾಗಬೇಕು? ಜೀವಕೋಶ ಒಂದು ಎರಡಾಗುವ ಹೊತ್ತಿಗೆ ಅದನ್ನು ತಡೆದು ನಿಲ್ಲಿಸಿ, ಬಣ್ಣ ಹಾಕಿ, ಚಿತ್ರ ತೆಗೆದರೆ ನಲವತ್ತಾರು ಪಟ್ಟೆಪಟ್ಟೆಯ ತುಂಡುಗಳು ಕಾಣುತ್ತವೆ. ಅವನ್ನು ಎರಡೆರಡಾಗಿ ಹೊಂದಿಸಿ ಸಾಲಾಗಿ ಇಡಬೇಕು. ಜೋಡಿ ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಕಣ್ಣಿಟ್ಟು ನೋಡಬೇಕು.

ಈಗ ಇದಕ್ಕೆಲ್ಲ ಕಂಪ್ಯೂಟರ್ ಇದೆ. ನಾನು ಕಲಿಯುವಾಗ, ಅಭ್ಯಾಸಕ್ಕೆಂದು ಕೊಟ್ಟ ಚಿತ್ರಗಳನ್ನು ಧಾರವಾಡದ ಮನೆಗೆ ತಂದು ಕತ್ತರಿಯಿಂದ ಕತ್ತರಿಸುತ್ತಿದ್ದೆ. ರವಿಕೆ ಹೊಲಿಯುತ್ತಿದ್ದ ಅವ್ವ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಹುಬ್ಬಳ್ಳಿಯ ದುರ್ಗದಬೈಲಿನ ಪೇಟೆಯಲ್ಲಿ ಸೀರೆಗೆ ಹೊಂದುವ ರವಿಕೆಯ ಖಣ ಆರಿಸುವಾಗ ಅವಳು ಅಂಗಡಿಯ ದೀಪವನ್ನು ಎಂದೂ ನಂಬಿದವಳಲ್ಲ. ಬಟ್ಟೆಯನ್ನು ಹೊರಗೆ ಬಿಸಿಲಿಗೆ ಒಯ್ದು ನೋಡಿಯೇ ಒಪ್ಪುತ್ತಿದ್ದಳು. ಅಂಗಡಿಯವರು ಗೊಣಗುತ್ತಲೇ ಕೊಡುತ್ತಿದ್ದರು. ಅಂಥವಳಿಗೆ ನಾನೇ ಪಾಠ ಹೇಳಿದ್ದೆ: ಪ್ರತಿ ಜೋಡಿಯಲ್ಲಿ ಒಂದು ಅವ್ವನದು, ಒಂದು ಅಪ್ಪನದು.

ಹೋದ ವರ್ಷ ಅವ್ವನ ಕುತ್ತಿಗೆಯಲ್ಲಿ ಗಂಟುಗಳೆದ್ದವು. ಲಿಂಫೋಮಾ ಎಂಬ ಕ್ಯಾನ್ಸರ್. ಸ್ವಂತದವರ ಸ್ಲೈಡನ್ನು ನಾವು ಓದುವಂತಿಲ್ಲ, ಹಾಗಾಗಿ ಗಂಟಿನ ಕೋಶಗಳನ್ನು ನನ್ನ ಸಹೋದ್ಯೋಗಿ ಓದಿದರು. ಹದಿನಾಲ್ಕನೆಯ ಕ್ರೋಮೋಸೋಮಿನ ತುದಿ, ಹದಿನೆಂಟನೆಯದರ ತುದಿ ಮುರಿದು ಅದಲುಬದಲಾಗಿದ್ದವು. ನಿಧಾನವಾಗಿ ಬೆಳೆಯುವ ಬಗೆ, ಆದರೂ ಗಂಟುಗಳು ದೊಡ್ಡವಾಗಿವೆ, ತಡಮಾಡುವುದು ಬೇಡ ಎಂದರು ಡಾಕ್ಟರು. ನನಗೆ ಹೆದರಿಕೆಯಾಯಿತು. ಆದರೆ ಈ ರೋಗದ ಸ್ವಭಾವ ನನಗೆ ಗೊತ್ತು. ಔಷಧಿಗೆ ಬಗ್ಗುತ್ತದೆ ಎಂಬ ಧೈರ್ಯವಿತ್ತು.

ಬಗ್ಗದವಳು ಅವ್ವ.

"ಕ್ರೋಮೋಸೋಮ್ ಕೆಟ್ಟಾವ ಅಂದ್ರಲಾ," ಅಂದಳು. "ಹಂಗಾರ ನಿಮ್ಮಿಬ್ಬರಿಗೂ ನಾನ ಕೊಟ್ಟಿರಬೇಕು. ಮೊದ್ಲ ನಿಂದು, ನಿನ್ನ ತಮ್ಮಂದು ನೋಡ್ರಿ. ಅಲ್ಲೀತನಕ ನಾ ಔಷಧದ ಸೂಜಿ ಚುಚ್ಚಿಸ್ಕೊಳ್ಳೂದಿಲ್ಲ."

"ಇದು ಹಂಗ ಬರೂದಲ್ಲ ಅವ್ವಾ."

"ನೀನ ಹೇಳಿದ್ದಿ, ಅರ್ಧಾ ಅವ್ವಂದು ಅಂತ."

ಡಾಕ್ಟರು ತಿಳಿಸಿ ಹೇಳಿದರು. ತಮ್ಮ ಕೈಮುಗಿದ. ಕೇಳಲಿಲ್ಲ. ಚಿಕಿತ್ಸೆಗೆಂದು ಆಸ್ಪತ್ರೆಯವರು ಕೊಟ್ಟ ದಿನ ಸುಮ್ಮನೆ ದಾಟಿಹೋಯಿತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಊರಿಗೆಲ್ಲ ವರದಿ ಕೊಡುವವಳು ನಾನು, ಮನೆಯಲ್ಲಿ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ.

ಆಮೇಲೆ ಹೊಳೆಯಿತು, ಇವಳು ಮಾತಿಗೆ ಒಪ್ಪುವ ಹೆಂಗಸೇ ಅಲ್ಲ. ನಮ್ಮ ರಕ್ತ ಪರೀಕ್ಷಿಸುವುದೂ ದಂಡ, ಕೊಡಲು ಅವಳ ಬಳಿ ಅದು ಇತ್ತೇ ಎಂಬುದೇ ಪ್ರಶ್ನೆ. ಉತ್ತರ ಅವಳ ಮೈಯಲ್ಲೇ ಇತ್ತು. ಪರೀಕ್ಷೆಗಷ್ಟೇ ಎಂದು ಅವಳನ್ನು ಒಪ್ಪಿಸಿ, ತೋಳಿನಿಂದ ರಕ್ತ ತೆಗೆಸಿ, ಅದರಲ್ಲಿಯ ಆರೋಗ್ಯವಂತ ಬಿಳಿ ಕೋಶಗಳನ್ನು ಬೆಳೆಸಿ ಚಿತ್ರ ಮಾಡಿಸಿದೆ. ಅದನ್ನೂ ಸಹೋದ್ಯೋಗಿಯೇ ಓದಿದರು. ನಲವತ್ತಾರೂ ನೆಟ್ಟಗಿದ್ದವು. ಹೀಗೇ ಇರುತ್ತವೆಂದು ನನಗೆ ಮೊದಲೇ ಗೊತ್ತಿತ್ತು, ಆದರೂ ಕಾಗದ ಕೈಗೆ ಬಂದಾಗ ಕಣ್ಣು ತುಂಬಿ ಬಂತು.

ಎರಡೂ ಹಾಳೆಗಳನ್ನು ಅವ್ವನ ಮುಂದಿಟ್ಟೆ. ಅವಳು ಕನ್ನಡಕ ಏರಿಸಿಕೊಂಡು, ಹಾಳೆಗಳನ್ನು ಎತ್ತಿಕೊಂಡು, ನೆಟ್ಟಗೆ ಅಂಗಳದ ಬಿಸಿಲಿಗೆ ನಡೆದಳು. ನಾನು ಹಿಂದೆ ಹೋದೆ.

"ಇದು ಗಂಟಿಂದು, ಇದು ನಿನ್ನ ರಕ್ತದ್ದು," ಅಂದೆ. "ಎರಡೂ ನೀನ. ನಿಮ್ಮವ್ವ ನಿನಗ ಕೊಟ್ಟಿದ್ದು, ನೀ ನಮಗ ಕೊಟ್ಟಿದ್ದು ಈ ರಕ್ತದ ಹಾಳ್ಯಾಗಿನಂಥಾದ್ದು. ಗಂಟಿನಾಗ ಮುರದದ್ದು ಮೊನ್ನೆ ಮೊನ್ನೆ, ನಿನ್ನ ಮೈಯಾಗಿನ ಒಂದ ಕೋಶದಾಗ. ನಮ್ಮನ್ನ ಹಡದು ಎಷ್ಟೋ ವರ್ಷ ಆದಮ್ಯಾಲ."

ಅವ್ವ ಗಂಟಿನ ಹಾಳೆಯಲ್ಲಿ ಹದಿನಾಲ್ಕನೆಯ ಜೋಡಿಯ ಮೇಲೆ ಬೆರಳಿಟ್ಟಳು; ಒಂದು ಉದ್ದ, ಒಂದು ಗಿಡ್ಡ. ರಕ್ತದ ಹಾಳೆಯಲ್ಲಿ ಅದೇ ಜೋಡಿಯನ್ನು ಹುಡುಕಿದಳು. ಎರಡೂ ಸಮ. ಪಟ್ಟೆ ಪಟ್ಟೆಯನ್ನೂ ಹೊಂದಿಸಿ ನೋಡಿದಳು, ಖಣ ನೋಡಿದ ಹಾಗೆಯೇ.

"ಹಂಗಾರ ಇದು ನಂದೊಬ್ಬಾಕೀದ."

"ನಿಂದೊಬ್ಬಾಕೀದ."

ಎಷ್ಟೋ ದಿನಗಳಿಂದ ಬಿಗಿದುಕೊಂಡಿದ್ದ ಮುಖ ಸಡಿಲಾಯಿತು. ಕ್ಯಾನ್ಸರ್ ಪೂರಾ ತನ್ನದೇ ಎಂದು ತಿಳಿದು ಇಷ್ಟು ಸಮಾಧಾನ ಪಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಾಳೆಗಳನ್ನು ನನ್ನ ಕೈಗಿತ್ತು ಸೆರಗು ಸರಿಮಾಡಿಕೊಂಡಳು.

"ಡಾಕ್ಟರಿಗೆ ಫೋನ್ ಹಚ್ಚು," ಅಂದಳು. "ನಾಳೆ ಬರ್ತೇನಿ ಅಂತ ಹೇಳು."