ಶಾಹಿದಾ ಆಂಟಿ ನೋಡದ ಇಪ್ಪತ್ಮೂರು ಶಾಟ್‌ಗಳು

2018 ಮಾರ್ಚ್ 11, ಭಾನುವಾರ. ಬರೆಯಲು ಕೂತದ್ದು ಬೆಳಿಗ್ಗೆ 10:40ಕ್ಕೆ. ಇಲ್ಲಿ ಅಮೆರಿಕದಲ್ಲಿ ಬೇಸಿಗೆಯ ಬೆಳಕಿಗಾಗಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ದಿನವಾದ್ದರಿಂದ ನಿನ್ನೆಯ ಲೆಕ್ಕದಲ್ಲಿ ಇನ್ನೂ 9:40.

ಶಾಹಿದಾ ಆಂಟಿ ಬ್ಯಾಸ್ಕೆಟ್‌ಬಾಲ್ ಪಂದ್ಯದ ಕೊನೆಯ ಶಾಟನ್ನು ನೋಡುತ್ತಿರಲಿಲ್ಲ. ಪಂದ್ಯವಿಡೀ ಸೋಫಾದ ತುದಿಯಲ್ಲಿ ಕೂತು ರೆಪ್ಪೆ ಬಡಿಯದೆ ನೋಡುವವರು, ಕೊನೆಯ ಹತ್ತು ಸೆಕೆಂಡು ಉಳಿದಿವೆ ಎನ್ನುವಾಗ ತಲೆ ತಗ್ಗಿಸಿ, ಅಂಗೈಯಲ್ಲಿದ್ದ ಉಕ್ಕಿನ ಸ್ಟಾಪ್‌ವಾಚಿನ ಗುಂಡಿ ಒತ್ತುತ್ತಿದ್ದರು. ಟಿವಿಯೊಳಗೆ ಇಡೀ ಕ್ರೀಡಾಂಗಣ ಎದ್ದು ನಿಂತಿರುತ್ತಿತ್ತು. ಆಂಟಿ ಮಾತ್ರ ಮುಳ್ಳನ್ನೇ ನೋಡುತ್ತಿದ್ದರು. ಹತ್ತು ಮುಗಿದ ಮೇಲೆ ತಲೆಯೆತ್ತದೆಯೇ ಕೇಳುತ್ತಿದ್ದರು, "ಹೋಯ್ತಾ?"

ಚೆಂಡು ರಿಂಗಿನೊಳಗೆ ಹೋಯಿತೇ ಎಂದು ಕೇಳುವುದು. ನಾನು ಹೋಯ್ತು ಅಥವಾ ಇಲ್ಲ ಎನ್ನಬೇಕು. 2014ರಿಂದ 2017ರವರೆಗಿನ ನಾಲ್ಕು ಮಾರ್ಚ್ ತಿಂಗಳುಗಳಲ್ಲಿ ಅವರು ಹೀಗೆ ನನ್ನನ್ನು ಇಪ್ಪತ್ಮೂರು ಸಲ ಕೇಳಿದ್ದಾರೆ. ಹೋದದ್ದು ಒಂಬತ್ತು, ಹೋಗದ್ದು ಹದಿನಾಲ್ಕು. ಡೈರಿಯ ಹಿಂದಿನ ಪುಟದಲ್ಲಿ ಗೆರೆ ಹಾಕಿ ಬರೆದಿಟ್ಟಿದ್ದೇನೆ.

ಪಶ್ಚಿಮ ಕರಾವಳಿಯ ಈ ಊರಿನ ಕ್ರಾಸ್‌ರೋಡ್ಸ್ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿ ಅವರದು ನನ್ನ ಪಕ್ಕದ ಮನೆ. ಮೈಸೂರಿನವರು, ಆಗ ನಲವತ್ತೈದು ದಾಟಿದ ವಯಸ್ಸು. ಬೆಲ್ವ್ಯೂನ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಗಂಡ ಮುಕಿಲ್ಟಿಯೊ ಕಡೆಯ ವಿಮಾನದ ಕಾರ್ಖಾನೆಗೆ ಬೆಳಕು ಹರಿಯುವ ಮೊದಲೇ ಹೊರಡುತ್ತಿದ್ದರು. ಮಗಳು ಸನಾ ಶಾಲೆಗೆ. 2014ರ ಮಾರ್ಚಿನ ಒಂದು ಗುರುವಾರ ನಾನು ಜ್ವರವೆಂದು ಮನೆಯಲ್ಲಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತಟ್ಟಿದ ಸದ್ದು. ಒಂದು ಕೈಯಲ್ಲಿ ಹುರಿದ ಕಡಲೆಕಾಯಿಯ ಡಬ್ಬಿ, ಇನ್ನೊಂದರಲ್ಲಿ ಶೂ ಲೇಸಿಗೆ ಕಟ್ಟಿದ ಆ ಸ್ಟಾಪ್‌ವಾಚು.

"ನಿಮ್ಮನೇಲಿ ಕೇಬಲ್ ಇದ್ಯಂತಲ್ಲಮ್ಮ. ಒಂದೇ ಒಂದು ಮ್ಯಾಚು. ನೋಡಿ ಎದ್ದು ಹೋಗ್ತೀನಿ."

ಆ ದಿನ ನಾಲ್ಕು ಮ್ಯಾಚು ನೋಡಿದರು. ಪೂರ್ವ ಕರಾವಳಿಯ ಮಧ್ಯಾಹ್ನದ ಪಂದ್ಯ ನಮಗೆ ಬೆಳಗಿನ ತಿಂಡಿಯ ಹೊತ್ತಿಗೇ ಶುರುವಾಗುತ್ತದೆ ಎಂಬುದು ಅಂದು ನನಗೆ ತಿಳಿಯಿತು. ಆಂಟಿ ಆಫೀಸಿನ ಕ್ಯಾಲೆಂಡರಿನಲ್ಲಿ ಪ್ರತಿ ಮಾರ್ಚಿನ ಪಂದ್ಯದ ಗುರುವಾರ, ಶುಕ್ರವಾರಗಳ ಮೇಲೆ "ಡೆಂಟಿಸ್ಟ್" ಎಂದು ಬರೆದಿಡುತ್ತಿದ್ದರು. ಮೂರನೆಯ ಮಾರ್ಚಿನಲ್ಲಿ ಅವರ ಮ್ಯಾನೇಜರು ಮರುಗಿ, ತಮಗೆ ಗೊತ್ತಿದ್ದ ಒಳ್ಳೆಯ ಹಲ್ಲಿನ ಡಾಕ್ಟರೊಬ್ಬರ ನಂಬರು ಕಳಿಸಿದರಂತೆ.

"ಆಂಟಿ ಅನ್ಬೇಡ ಕಣಮ್ಮ, ಮೇಘನಾ. ಆಫೀಸಲ್ಲಿ ನಿನ್ ವಯಸ್ಸಿನವ್ರೆಲ್ಲಾ ಶಾಹಿದಾ ಅಂತಾರೆ."

"ನಂಗಾಗಲ್ಲ ಆಂಟಿ."

"ಸರಿ ಹಾಗಾದ್ರೆ. ಎದ್ದು ಆಂಟಿಗೆ ಟೀ ಮಾಡು."

ಪ್ರತಿ ಮಾರ್ಚಿನಲ್ಲಿ ನಡೆಯುವ ಈ ಬ್ಯಾಸ್ಕೆಟ್‌ಬಾಲ್ ಟೂರ್ನಮೆಂಟಿನಲ್ಲಿ ಅಮೆರಿಕದ ಅರವತ್ತಕ್ಕೂ ಹೆಚ್ಚು ಕಾಲೇಜುಗಳು. ಒಮ್ಮೆ ಸೋತರೆ ಮನೆಗೆ. ಯಾವ ಪಂದ್ಯದಲ್ಲಿ ಯಾರು ಗೆಲ್ಲುತ್ತಾರೆ ಎಂದು ಮೊದಲೇ ತುಂಬಿಡುವ ಹಾಳೆಯೊಂದಿದೆ. ಇಲ್ಲಿ ಎಲ್ಲ ಆಫೀಸುಗಳಲ್ಲೂ ತುಂಬುತ್ತಾರೆ. ನಾನು ಹಿಂದಿನ ಫಲಿತಾಂಶಗಳನ್ನೆಲ್ಲ ಓದಿ, ಎರಡು ಸಂಜೆ ಕೂತು ತುಂಬುತ್ತಿದ್ದೆ. ಆಂಟಿ ಐದು ನಿಮಿಷದಲ್ಲಿ ಪೆನ್ಸಿಲಿನಿಂದ ಎಲ್ಲ ಕಡೆ ದೊಡ್ಡ ಕಾಲೇಜನ್ನೇ ಬರೆದು, ಒಂದು ಕಡೆ ಮಾತ್ರ ಯಾರೂ ಕೇಳಿರದ ಕಾಲೇಜನ್ನು ಗೆಲ್ಲಿಸುತ್ತಿದ್ದರು. ಪ್ರತಿ ವರ್ಷವೂ ಅಂಥದ್ದು ಒಂದೇ ಒಂದು.

"ಯಾಕೆ ಇದು? ಇವ್ರು ಗೆಲ್ಲೋಕೆ ಯಾವ ಆಧಾರಾನೂ ಇಲ್ವಲ್ಲ ಆಂಟಿ?"

"ಬಸ್ಸಲ್ಲಿ ಇಷ್ಟು ದೂರ ಬಂದಿದಾರೆ. ಒಬ್ರಾದ್ರೂ ಗೆಲ್ಲಲಿ ಬಿಡು."

ನನ್ನ ಕುತೂಹಲ ಮಾತ್ರ ಸ್ಟಾಪ್‌ವಾಚಿನ ಮೇಲೆ. ಟಿವಿಯ ಮೂಲೆಯಲ್ಲೇ ಸಮಯ ತೋರಿಸುತ್ತಾರೆ, ಇದೇಕೆ ಎಂದರೆ, "ಅದು ಅವರ ವಾಚು, ಇದು ನಂದು" ಎನ್ನುತ್ತಿದ್ದರು. ಇನ್ನೊಂದು ವಿಚಿತ್ರವನ್ನೂ ಗುರುತು ಹಾಕಿಕೊಂಡಿದ್ದೆ. ಶಾಟನ್ನು ನೋಡದವರು, ರಿಪ್ಲೇ ಬಂದರೆ ಎದ್ದು ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋಗುತ್ತಿದ್ದರು. ಸಮಯ ಮುಗಿದಾಗ ರಿಂಗಿನ ಹಿಂದಿನ ಹಲಗೆಯ ಸುತ್ತ ಕೆಂಪು ದೀಪ ಹತ್ತುತ್ತದೆ. ರೆಫರಿಗಳು ಚಿತ್ರವನ್ನು ನಿಲ್ಲಿಸಿ, ದೀಪ ಹತ್ತುವ ಮೊದಲು ಚೆಂಡು ಕೈ ಬಿಟ್ಟಿತ್ತೇ ಎಂದು ನೋಡುತ್ತಾರೆ. ಬಿಟ್ಟಿದ್ದರೆ, ಆಮೇಲೆ ಒಳಗೆ ಬಿದ್ದರೂ ಲೆಕ್ಕ. ಆಂಟಿ ಪರದೆಯ ಮೇಲೆ ಬೆರಳಿಟ್ಟು ಹೇಳುತ್ತಿದ್ದರು: "ನೋಡು, ಕೈ ಬಿಟ್ಟಿದೆ. ದೀಪ ಇನ್ನೂ ಹತ್ತಿಲ್ಲ. ಎಷ್ಟು ಸುಲಭ ಮಾಡ್ಕೊಂಡಿದಾರೆ ನೋಡು ಇವ್ರು."

ಕಾರಣ ತಿಳಿದದ್ದು 2016ರ ಒಂದು ಶನಿವಾರ. ಹದಿಮೂರರ ಸನಾ ಅಂದು ನಮ್ಮ ಜೊತೆಗಿದ್ದಳು. ಕೊನೆಯ ಕ್ಷಣದಲ್ಲಿ ಒಬ್ಬ ಹುಡುಗ ಅರ್ಧ ಅಂಕಣದಿಂದ ಎಸೆದ ಚೆಂಡು ಒಳಗೆ ಬಿತ್ತು. ಅವಳು ಸೋಫಾದ ಮೇಲೆ ಕುಣಿದಳು. ಅಮ್ಮ ತಲೆ ತಗ್ಗಿಸಿದ್ದರು.

"ಅಮ್ಮೀ, ಯು ಮಿಸ್ಡ್ ಇಟ್ ಅಗೇನ್! ವೈ ಡು ಯು ಈವನ್ ವಾಚ್?"

"ನಿಂಗೆ ಈಜೋ ಕ್ಲಾಸಿಗೆ ಟೈಮಾಯ್ತು, ಹೋಗು," ಎಂದರು ಆಂಟಿ. ಅವಳು ಹೋದ ಮೇಲೆ ಟಿವಿಯ ಸದ್ದು ತಗ್ಗಿಸಿ ಹೇಳಿದರು.

ಮೈಸೂರಿನಲ್ಲಿ ಡಿಗ್ರಿಯ ಕೊನೆಯ ವರ್ಷ, ಅಂತರ ಕಾಲೇಜು ಹೆಣ್ಣುಮಕ್ಕಳ ಫೈನಲ್. ಆಂಟಿ ಆಟಗಾರ್ತಿಯಲ್ಲ. ಎಲ್ಲಿಗೂ ತಡವಾಗಿ ಬಾರದ ಹುಡುಗಿಯೆಂದು ಪಿ.ಟಿ. ಮೇಷ್ಟ್ರು ಅವರನ್ನು ಮೇಜಿನ ಹಿಂದೆ ಕೂರಿಸಿ ಸಮಯ ನೋಡಲು ಹೇಳಿದ್ದರು. ಕೈಯಲ್ಲಿ ಇದೇ ಬಗೆಯ ಸ್ಟಾಪ್‌ವಾಚು. ಸಮಯ ಮುಗಿದರೆ ಬಾರಿಸಲು ಹಾಸ್ಟೆಲ್ ಮೆಸ್ಸಿನಿಂದ ತಂದ ಹಿತ್ತಾಳೆ ತಟ್ಟೆ, ಒಂದು ಸೌಟು. ಒಂದು ಕಡೆ ಪ್ರತಿ ವರ್ಷ ಗೆಲ್ಲುವ ಆಂಟಿಯ ಕಾಲೇಜು. ಇನ್ನೊಂದು ಕಡೆ ಚಿಕ್ಕ ಊರಿನ ಕಾಲೇಜೊಂದರಿಂದ ಬೆಳಗಿನ ಬಸ್ಸಿನಲ್ಲಿ ಬಂದ ಏಳೇ ಹುಡುಗಿಯರು. ಬೆನ್ನಿನ ನಂಬರನ್ನು ರಿಬ್ಬನ್ನಿನಲ್ಲಿ ಹೊಲಿದುಕೊಂಡಿದ್ದರು.

"ನಾವು ಒಂದು ಪಾಯಿಂಟ್ ಮುಂದಿದ್ವಿ. ಅವ್ರ ಒಂಬತ್ತನೇ ನಂಬರು, ಕುಳ್ಳಿ, ಬಾಲ್ ತಗೊಂಡು ಓಡಿ ಬಂದ್ಳು. ಕೂತವ್ರೆಲ್ಲಾ ಎದ್ರು. ನಾನೂ ಎದ್ಬಿಟ್ಟೆ ಮೇಘನಾ. ಬಾಲ್ ನೋಡ್ತಾ ನಿಂತ್ಬಿಟ್ಟೆ. ಎಷ್ಟು ಚೆನ್ನಾಗಿ ಎಸೆದ್ಳು ಗೊತ್ತಾ? ರಿಂಗಿಗೆ ತಾಗ್ಲೂ ಇಲ್ಲ. ಒಳಗೆ ಬಿದ್ಮೇಲೆ ನಂಗೆ ತಟ್ಟೆ ನೆನಪಾಯ್ತು. ವಾಚ್ ನೋಡಿದ್ರೆ ಎರಡು ಸೆಕೆಂಡ್ ಮೇಲಾಗಿದೆ. ಅಂಪೈರ್ ಬಂದು ಟೈಮ್ ಆಗಿತ್ತಾ ಅಂದ್ರು. ಆಗಿತ್ತು ಸಾರ್ ಅಂದೆ."

"ಮುಳ್ಳು ದಾಟಿತ್ತಲ್ಲ ಆಂಟಿ? ಸರಿಯಾಗೇ ಹೇಳಿದೀರಿ."

"ಕೈ ಬಿಟ್ಟಾಗ ಮುಳ್ಳು ಎಲ್ಲಿತ್ತು? ಅದು ನಂಗೊತ್ತಿಲ್ವಲ್ಲ."

ಟ್ರೋಫಿ ಆಂಟಿಯ ಕಾಲೇಜಿಗೆ ಹೋಯಿತು. ಗಲಾಟೆ ಮುಗಿದ ಮೇಲೆ ಒಂಬತ್ತನೆಯ ನಂಬರಿನ ಹುಡುಗಿ ಮೇಜಿನ ಹತ್ತಿರ ಬಂದಳಂತೆ. ಜಗಳಕ್ಕಲ್ಲ. "ಅಕ್ಕಾ, ಟೈಮಾಗಿದ್ದು ನೀವು ನೋಡುದ್ರಾ?" ಎಂದು ಮೆಲ್ಲಗೆ ಕೇಳಿದಳಂತೆ. ಆಂಟಿ "ನೋಡ್ದೆ" ಎಂದರು. ಹುಡುಗಿ ಆ ಮಾತನ್ನು ನಂಬಿ, ಕೈಕುಲುಕಿ ಬಸ್ಸಿಗೆ ಹೋದಳು.

"ಡೆಂಟಿಸ್ಟ್ ಸುಳ್ಳು ನಂಗೇನೂ ಮಾಡಲ್ಲ ಕಣಮ್ಮ. ಇದು ಹಂಗಲ್ಲ. ಅವ್ಳು ನಂಬಿಬಿಟ್ಳು."

ಅಂದಿನಿಂದ ಅವರು ಯಾವ ಪಂದ್ಯದ ಕೊನೆಯಲ್ಲೂ ಚೆಂಡನ್ನು ನೋಡಿರಲಿಲ್ಲ. ಆ ಕಾಲೇಜಿಗೆ ಎರಡು ಸಲ ಕಾಗದ ಬರೆದಿದ್ದರು. ಹುಡುಗಿಯ ಹೆಸರು ಗೊತ್ತಿಲ್ಲದೆ ಬರೆದ ಕಾಗದಕ್ಕೆ ಯಾರು ಉತ್ತರ ಕೊಡಬೇಕು?

ಮರುವರ್ಷ, 2017ರ ಮಾರ್ಚ್, ಶನಿವಾರದ ಒಂದು ಪಂದ್ಯ. ಆಂಟಿ ಪೆನ್ಸಿಲಿನಲ್ಲಿ ಗೆಲ್ಲಿಸಿದ್ದ ಚಿಕ್ಕ ಕಾಲೇಜು ಎರಡು ಪಾಯಿಂಟ್ ಹಿಂದಿತ್ತು. ಹನ್ನೆರಡು ಸೆಕೆಂಡು ಉಳಿದಾಗ ಟೈಮ್‌ಔಟ್ ತೆಗೆದುಕೊಂಡರು. ನಾನು ಕೈ ಚಾಚಿದೆ.

"ವಾಚ್ ಕೊಡಿ ಆಂಟಿ. ಇವತ್ತು ನಾನು ಟೈಮ್ ನೋಡ್ತೀನಿ."

"ನಿನ್ ಕೈಲಾಗಲ್ಲ."

"ನಾಲ್ಕು ವರ್ಷದಿಂದ ಹೋಯ್ತು, ಇಲ್ಲ ಅಂತ ನಾನೇ ಹೇಳ್ತಿದೀನಿ. ಒಂದ್ಸಲ ನೀವು ಹೇಳಿ."

ಲೇಸನ್ನು ಬೆರಳಿನಿಂದ ಬಿಡಿಸಿ ಕೊಡಲು ಅವರು ಟೈಮ್‌ಔಟಿನ ಮುಕ್ಕಾಲು ಭಾಗ ತೆಗೆದುಕೊಂಡರು. ಆಟ ಶುರುವಾಯಿತು. ಹತ್ತಕ್ಕೆ ಗುಂಡಿ ಒತ್ತಿ ಮುಳ್ಳಿನ ಮೇಲೆ ಕಣ್ಣಿಟ್ಟೆ. ಇಷ್ಟು ಚಿಕ್ಕ ಮುಳ್ಳು ಇಷ್ಟು ಜೋರಾಗಿ ಟಿಕ್ ಟಿಕ್ ಎನ್ನುತ್ತದೆ ಎಂದು ಗೊತ್ತಿರಲಿಲ್ಲ. ಟಿವಿಯಲ್ಲಿ ಕೂಗು ಎದ್ದಿತು. ಪಕ್ಕದಲ್ಲಿ ಆಂಟಿ ಸೋಫಾದಿಂದ ಎದ್ದು ನಿಂತದ್ದು ತಿಳಿಯಿತು.

"ಹೋಯ್ತಾ ಆಂಟಿ?"

"ಹೋಯ್ತು." ಆಂಟಿ ಚಪ್ಪಾಳೆ ತಟ್ಟಿದರು. "ತ್ರೀ ಪಾಯಿಂಟರ್ರು! ಎಷ್ಟು ಚೆನ್ನಾಗಿ ಹೋಯ್ತು ಕಣೇ!" ಆಮೇಲೆ ನನ್ನ ಕಡೆ ತಿರುಗಿದರು. "ಈಗ ನೀನ್ ಹೇಳು. ಟೈಮ್ ಒಳಗಾ, ಹೊರಗಾ?"

ವಾಚನ್ನು ನೋಡಿದೆ. ಹತ್ತು ದಾಟಿತ್ತು. ಚೆಂಡು ಕೈ ಬಿಟ್ಟಾಗ ಮುಳ್ಳು ಎಲ್ಲಿತ್ತು? ಮುಳ್ಳನ್ನೇ ನೋಡುತ್ತಿದ್ದ ನಾನು ಚೆಂಡನ್ನು ನೋಡಿರಲಿಲ್ಲ.

"ನಂಗೆ ಗೊತ್ತಿಲ್ಲ ಆಂಟಿ."

ಅವರು ನನ್ನ ಅಂಗೈಯಲ್ಲಿದ್ದ ವಾಚನ್ನು ಬಗ್ಗಿ ನೋಡಿದರು. ಆಮೇಲೆ ಕೂತರು.

"ಅಷ್ಟೇ ಕಣಮ್ಮ, ನಾನೂ ಹೇಳ್ಬೇಕಾಗಿದ್ದಿದ್ದು."

ರೆಫರಿಗಳು ಚಿತ್ರ ನಿಲ್ಲಿಸಿ ನೋಡಿದರು. ಕೆಂಪು ದೀಪ ಮೊದಲೇ ಹತ್ತಿತ್ತು. ಶಾಟ್ ಲೆಕ್ಕಕ್ಕೆ ಬರಲಿಲ್ಲ. ಅದನ್ನು ನೋಡಲು ಆಂಟಿ ಎದ್ದು ಹೋಗಲಿಲ್ಲ. ಡಬ್ಬಿಯ ತಳದಲ್ಲಿದ್ದ ಕಡಲೆಕಾಯಿಯನ್ನು ನನ್ನ ಕೈಗೆ ಸುರಿದರು. ಆ ಇಪ್ಪತ್ನಾಲ್ಕನೆಯ ಶಾಟನ್ನು ಡೈರಿಯಲ್ಲಿ ಬೇರೆ ಸಾಲಿನಲ್ಲಿ ಬರೆದಿದ್ದೇನೆ: ಆಂಟಿ ನೋಡಿದ್ದು, 1.

ಅದೇ ಆಗಸ್ಟಿನಲ್ಲಿ ಆಂಟಿಯ ಗಂಡನ ಕೆಲಸ ಪೂರ್ವದ ರಾಜ್ಯವೊಂದಕ್ಕೆ ಬದಲಾಗಿ ಅವರು ಹೊರಟುಹೋದರು. ಇಂದು ಮಧ್ಯಾಹ್ನ ಈ ವರ್ಷದ ಕಾಲೇಜುಗಳ ಪಟ್ಟಿ ಬರುತ್ತದೆ. ನನ್ನ ಹಾಳೆಯಲ್ಲೂ ಈ ಸಲ ಒಂದು ಕಡೆ ಯಾವ ಆಧಾರವೂ ಇಲ್ಲದೆ ಬರೆಯುತ್ತೇನೆ. ಇದನ್ನು ನಮ್ಮ ಕನ್ನಡ ಸಂಘದ ಪತ್ರಿಕೆಗೆ ಕೊಡಲೇ ಎಂದು ಹೋದ ವಾರ ಫೋನಿನಲ್ಲಿ ಕೇಳಿದಾಗ ಆಂಟಿ ಹೇಳಿದರು: "ಕೊಡು. ನಾನು ವಾಚ್ ನೋಡಿರ್ಲಿಲ್ಲ ಅಂತ ಸರಿಯಾಗಿ ಬರಿ. ಅವ್ಳಿಗೆ ತಲುಪ್ಬೇಕಾಗಿರೋದು ಅದೊಂದೇ."

ಆದ್ದರಿಂದ ಓದುಗರಲ್ಲಿ ಕೇಳುತ್ತಿದ್ದೇನೆ. ವರ್ಷ 1990ರ ಆಸುಪಾಸು. ಊರು ಮೈಸೂರು. ಗುರುತು, ಹಿತ್ತಾಳೆ ತಟ್ಟೆ ಮತ್ತು ಸೌಟು, ರಿಬ್ಬನ್ನಿನಲ್ಲಿ ಹೊಲಿದ ಒಂಬತ್ತು. ಆ ಹುಡುಗಿ ನೀವೇ ಆಗಿದ್ದರೆ, ಅವರನ್ನು ಬಲ್ಲವರಾಗಿದ್ದರೆ, ಅಥವಾ ಅಂದು ಅಂಕಣದ ಸುತ್ತ ನಿಂತವರಾಗಿದ್ದರೆ, ಪತ್ರಿಕೆಗೆ ಒಂದು ಸಾಲು ಬರೆಯಿರಿ. ಚೆಂಡು ಕೈ ಬಿಟ್ಟಿತ್ತೇ ಎಂದು ಗೊತ್ತಿದ್ದರೆ ತಿಳಿಸಿ. ಗೊತ್ತಿಲ್ಲದಿದ್ದರೆ, ಗೊತ್ತಿಲ್ಲವೆಂದೇ ಬರೆಯಿರಿ.