ತಮ್ಮನ ಕಾರಿಗೆ ಒಂದು ಗಾಡಿ ಐಸು

ಸಾಲಾಗಿ ಗ್ಯಾರೇಜುಗಳೇ ಇದ್ದ ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕೂಗುವವರು ಒಬ್ಬರೂ ಇರಲಿಲ್ಲ. ಪಕ್ಕದ ಟೈರಿನವನಿಗೆ ಅವಳು ಅಕ್ಕ. ಲಾರಿ ಡ್ರೈವರುಗಳಿಗೆ ಅಕ್ಕ. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಎದುರಿನ ಪೇಂಟಿನ ಮುದುಕನಿಗೂ ಅಕ್ಕನೇ. ಅಪ್ಪನ ಕೈ ನಡುಗತೊಡಗಿದ ವರ್ಷ ರೇಡಿಯೇಟರ್ ಅಂಗಡಿಯನ್ನು ಹೆಗಲಿಗೆ ಹಾಕಿಕೊಂಡವಳು ತಮ್ಮನನ್ನು ಓದಿಸಿದಳು, ಅಪ್ಪನನ್ನು ಕೊನೆಯತನಕ ನೋಡಿಕೊಂಡಳು. ತಾಮ್ರದ ರೇಡಿಯೇಟರುಗಳ ಕಾಲ ಹೋಗಿ ಅಲ್ಯೂಮಿನಿಯಮ್ ಬಂದಾಗ ಅದರ ವೆಲ್ಡಿಂಗನ್ನೂ ಕಲಿತಳು. ಈ ಗಡಿಬಿಡಿಯಲ್ಲಿ ನಲವತ್ತು ದಾಟಿದ್ದು ಅವಳ ಗಮನಕ್ಕೇ ಬಂದಿರಲಿಲ್ಲ. ಅವ್ವನಿಗೆ ಮಾತ್ರ ಅದು ದಿನಾ ಗಮನಕ್ಕೆ ಬರುತ್ತಿತ್ತು.

ಕೋಪ ಅವಳಿಗೆ ಮೂಗಿನ ತುದಿಯಲ್ಲೇ. ಸೋರುವ ರೇಡಿಯೇಟರಿಗೆ ಸೋಪು ಮೆತ್ತಿಕೊಂಡು ಬಂದವರ ಗತಿ ದೇವರಿಗೇ ಪ್ರೀತಿ. ಆದರೆ ಬೈದ ಮೇಲೆ ಆ ಗಾಡಿಯನ್ನು ರಿಪೇರಿ ಮಾಡದೆ ವಾಪಸು ಕಳಿಸಿದ್ದು ಯಾರಿಗೂ ನೆನಪಿಲ್ಲ.

ತಮ್ಮ ಶಾಲೆಯಲ್ಲಿ ಗಣಿತದ ಮೇಷ್ಟ್ರು. ರಜೆ ಬಂತೆಂದರೆ ಅವನಿಗೆ ಒಂದೇ ಹುಚ್ಚು. ಊರಾಚೆಯ ಗುಡ್ಡದ ರಸ್ತೆಯಲ್ಲಿ ವರ್ಷಕ್ಕೊಮ್ಮೆ ಕಾರು ಹತ್ತಿಸುವ ಪಂದ್ಯ ನಡೆಯುತ್ತಿತ್ತು. ಒಂದೊಂದೇ ಕಾರು ಹತ್ತಬೇಕು, ಬೇಗ ತುದಿ ಮುಟ್ಟಿದವನು ಗೆದ್ದ. ಅದಕ್ಕಾಗಿ ಒಂದು ಹಳೆಯ ಕಾರು ಕೊಂಡು, ಅದಕ್ಕೆ ಟರ್ಬೊ ಕೂರಿಸಿಕೊಂಡು, ಮೊದಲ ಸಲ ಗುಡ್ಡ ಹತ್ತಿದವನು ಅರ್ಧದಲ್ಲೇ ಹಿಂದಿರುಗಿ, ಜೋಲುಮುಖ ಹಾಕಿಕೊಂಡು ಅಕ್ಕನ ಅಂಗಡಿಗೆ ಬಂದ.

"ಕೆಳಗೆ ಹುಲಿ ಹಾಗೆ ಹೋಗುತ್ತೆ ಕಣಕ್ಕ. ಎರಡು ತಿರುವು ಆದ್ಮೇಲೆ ಸುಸ್ತು ಹೊಡೆಯುತ್ತೆ. ಎಂಜಿನ್ ಒಳಗೆ ಟಕಟಕ ಅಂತ ಬೇರೆ ಬಡಿಯುತ್ತೆ."

"ಬಡಿಯದೆ ಇನ್ನೇನು? ಕುದಿಯೋ ಗಾಳಿ ಕುಡಿಸ್ತಾ ಇದ್ದೀಯಲ್ಲ ಅದಕ್ಕೆ," ಎಂದಳು ಅಕ್ಕ.

ಬಾಗಿಲಲ್ಲಿ ಕೂತು ಕಾಫಿ ಕುಡಿಯುತ್ತಿದ್ದ ಅವ್ವ, "ಗಾಳಿ ಎಲ್ಲಾದ್ರೂ ಕುದಿಯುತ್ತೇನೇ?" ಎಂದು ಕೇಳಿದಳು.

"ಸೈಕಲ್ಲಿಗೆ ಪಂಪು ಹೊಡೆದ್ರೆ ಪಂಪಿನ ತುದಿ ಚುರ್ ಅನ್ನಲ್ವೇನವ್ವ? ಒತ್ತಿದ್ರೆ ಗಾಳಿ ಬಿಸಿಯಾಗುತ್ತೆ. ಈ ಟರ್ಬೊ ಮಾಡೋದೂ ಅದೇ, ಗಾಳೀನ ಒತ್ತಿ ಒತ್ತಿ ಎಂಜಿನ್ನಿಗೆ ತುರುಕೋದು. ಬಿಸಿಯಾದ ಗಾಳಿ ಹಿಗ್ಗುತ್ತೆ, ತೆಳ್ಳಗಾಗುತ್ತೆ. ತಣ್ಣಗೆ ಮಾಡಿ ಕಳಿಸಿದ್ರೆ ಅಷ್ಟೇ ಜಾಗದಲ್ಲಿ ಜಾಸ್ತಿ ಗಾಳಿ ಹಿಡಿಯುತ್ತೆ."

"ಹಾಗಾದ್ರೆ ತಣ್ಣಗೆ ಮಾಡು. ಮಗು ಮುಖ ನೋಡೋಕಾಗ್ತಿಲ್ಲ," ಎಂದಳು ಅವ್ವ. ಮಗುವಿಗೆ ಮೂವತ್ತೆರಡು ವರ್ಷ.

ಅಕ್ಕ ಗುಜರಿಯಿಂದ ಲಾರಿಯೊಂದರ ಇಂಟರ್‌ಕೂಲರ್ ತಂದಳು. ನೋಡಲು ರೇಡಿಯೇಟರಿನಂತೆಯೇ. ಆದರೆ ಒಳಗೆ ಹರಿಯುವುದು ನೀರಲ್ಲ, ಟರ್ಬೊದಿಂದ ಬಂದ ಬಿಸಿ ಗಾಳಿ. ಅದನ್ನು ಕಾರಿನ ಮೂತಿಗೆ ಕಟ್ಟಿದಳು. ಗಾಳಿಯೇನೋ ತಣ್ಣಗಾಯಿತು. ಆದರೆ ಅಷ್ಟು ದೊಡ್ಡ ಹೊಟ್ಟೆಯೂ ಉದ್ದನೆಯ ಪೈಪುಗಳೂ ತುಂಬುವವರೆಗೆ ಕಾರು ತೂಕಡಿಸುತ್ತಿತ್ತು. ಜೊತೆಗೆ ಹಿಂದಿದ್ದ ರೇಡಿಯೇಟರಿಗೆ ಗಾಳಿ ಸಿಗದೆ ನೀರು ಕುದಿಯಿತು. ಮುಂದಿನ ಸಲ ಚಿಕ್ಕದೊಂದನ್ನು ಎಂಜಿನ್ನಿನ ಮೇಲೆಯೇ ಕೂರಿಸಿ, ಬಾನೆಟ್ ಕೊರೆದು ಗಾಳಿಗೆ ಬಾಯಿ ಮಾಡಿದಳು. ಓಡುವಾಗ ಚೆನ್ನಾಗಿತ್ತು. ನಿಂತರೆ ಎಂಜಿನ್ನಿನ ಕಾವೆಲ್ಲ ಕೆಳಗಿನಿಂದ ಏರಿ ಅದೂ ಕಾದ ಕಾವಲಿಯಾಗುತ್ತಿತ್ತು. ಪಂದ್ಯದಲ್ಲಿ ಸರದಿಗಾಗಿ ನಿಲ್ಲುವುದೇ ಹೆಚ್ಚು.

"ಇನ್ನು ಉಳಿದಿರೋದು ನೀರು," ಎಂದಳು ಅಕ್ಕ.

ಗಾಳಿಯ ದಾರಿಯಲ್ಲಿ ಪುಟ್ಟದೊಂದು ಪೆಟ್ಟಿಗೆ. ಅದರ ಸುತ್ತ ತಣ್ಣೀರು ಹರಿಯಬೇಕು. ಡಿಕ್ಕಿಯಲ್ಲಿ ಒಂದು ತೊಟ್ಟಿ, ನೀರು ಸುತ್ತಿಸಲು ಒಂದು ಪಂಪು. ಗುಡ್ಡ ಹತ್ತುವುದು ಸ್ವಲ್ಪ ಹೊತ್ತಿನ ಮಾತು, ತೊಟ್ಟಿಗೆ ಐಸು ತುಂಬಿದರೆ ಸಾಕು. ಹೀಗೆ ಅಕ್ಕ ಬಕೆಟ್ ಹಿಡಿದು ಮಾರ್ಕೆಟ್ ಹಿಂದಿನ ಐಸ್ ಕಾರ್ಖಾನೆಗೆ ಹೋದಳು.

ಕಾರ್ಖಾನೆಯವನು ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿದ್ದ, ಮಕ್ಕಳಿಲ್ಲದ, ಮಾತು ಕಡಿಮೆಯ ಮನುಷ್ಯ. ಬೇಸಿಗೆಯಲ್ಲೂ ಸ್ವೆಟರ್ ತೊಟ್ಟಿರುತ್ತಿದ್ದ. ಮೊದಲ ದಿನ ಸುಮ್ಮನೆ ಐಸು ಒಡೆದುಕೊಟ್ಟ. ನಾಲ್ಕು ದಿನ ಬಿಟ್ಟು ತಡೆಯಲಾಗದೆ ಕೇಳಿದ:

"ತಪ್ಪು ತಿಳೀಬೇಡಿ. ರೇಡಿಯೇಟರ್ ಅಂಗಡಿಗೆ ಐಸು ಯಾಕ್ರೀ?"

ಅಕ್ಕ ಹೇಳಿದಳು. ಅವನು ಕೇಳಿದ. ಕೇಳಿದ್ದನ್ನು ಯೋಚಿಸಿಟ್ಟುಕೊಂಡು, ಮರುದಿನ ಅವಳು ಹೋದಾಗ ಇನ್ನೊಂದು ಪ್ರಶ್ನೆ ಕೇಳಿದ. ದೊಡ್ಡ ಗಡ್ಡೆ ನಿಧಾನವಾಗಿ ಕರಗುತ್ತದೆ, ಪುಡಿ ಐಸು ನೀರನ್ನು ಬೇಗ ತಣ್ಣಗಾಗಿಸುತ್ತದೆ, ಎರಡನ್ನೂ ಬೆರೆಸಿ ಹಾಕಿದರೆ ಹೇಗೆ? ಅಕ್ಕನಿಗೆ ಅದು ಹೊಳೆದಿರಲಿಲ್ಲ. ಬಕೆಟ್ ತುಂಬಿಸಿಕೊಂಡು ವಾಪಸು ಬರುವಾಗ ಅವಳಿಗೆ ಹೊಳೆದದ್ದು ಇನ್ನೊಂದು ವಿಷಯ. ಊರಿಗೆ ಊರೇ ಅವಳನ್ನು ಅಕ್ಕ ಅನ್ನುತ್ತದೆ, ಈ ಮನುಷ್ಯ ಒಂದು ಸಲವೂ ಅಂದಿಲ್ಲ.

ಪಂದ್ಯದ ದಿನ ಬಿಸಿಲು ನೆತ್ತಿ ಸುಡುತ್ತಿತ್ತು. ಮುಂದಿದ್ದ ಒಂದು ಕಾರು ತಿರುವಿನಲ್ಲಿ ಜಾರಿ ಚರಂಡಿಗೆ ಇಳಿದು, ಅದನ್ನು ಎಳೆಯುವಷ್ಟರಲ್ಲಿ ಸಾಲು ನಿಂತಲ್ಲೇ ನಿಂತಿತು. ಅಕ್ಕ ತೊಟ್ಟಿಯ ಮುಚ್ಚಳ ತೆಗೆದು ಕೈ ಅದ್ದಿದಳು. ಉಗುರುಬೆಚ್ಚಗಿನ ನೀರು.

"ಇನ್ನೊಂದು ಡಬ್ಬ ಐಸು ತರೋಕೆ ಹೇಳಿದ್ದೆನಲ್ಲ, ಎಲ್ಲೋ?"

ತಮ್ಮ ಮೆಲ್ಲಗೆ ಪಕ್ಕಕ್ಕೆ ಬೆರಳು ತೋರಿಸಿದ. ಅವನ ಶಾಲೆಯ ಮೇಷ್ಟ್ರುಗಳ ದಂಡು ಮರದ ಕೆಳಗೆ ಕೂತು ಆ ಡಬ್ಬದಿಂದ ತಣ್ಣನೆಯ ಸೋಡಾ ಬಾಟಲಿಗಳನ್ನು ತೆಗೆದು ಕುಡಿಯುತ್ತಿತ್ತು. ಅಕ್ಕ ಬಾಯಿ ತೆರೆದ ರಭಸಕ್ಕೆ ಹೆಡ್‌ಮೇಷ್ಟ್ರು ಕೂಡ ಎದ್ದು ನಿಂತರಂತೆ.

ಆಗ ಹಿಂದಿನಿಂದ ಯಾರೋ ಕೆಮ್ಮಿದರು. ಸ್ವೆಟರ್ ಇಲ್ಲದ ಕಾರಣ ಅವಳಿಗೆ ತಕ್ಷಣ ಗುರುತು ಹತ್ತಲಿಲ್ಲ.

"ನೀವಿಲ್ಲಿ?"

"ಹೀಗೇ ಬಂದೆ. ಕಾರು ಹೇಗೆ ಹತ್ತುತ್ತೆ ನೋಡೋಣ ಅಂತ."

"ಗಾಡಿ ತಂದಿದ್ದೀರಾ?"

"ತಂದಿದ್ದೀನಿ."

"ಗಾಡೀಲಿ ಏನಿದೆ?"

"ಐಸು," ಎಂದ ಅವನು.

ಗೋಣಿಚೀಲ ಸರಿಸಿದರೆ ಗಾಡಿ ತುಂಬ ಐಸು. ಇಬ್ಬರೂ ರಸ್ತೆಬದಿಯಲ್ಲೇ ಕುಕ್ಕರಗಾಲಲ್ಲಿ ಕೂತು ಸುತ್ತಿಗೆಯಿಂದ ಒಡೆದರು. ಅವಳು ಬಡಿದಳು, ಅವನು ಬೊಗಸೆಯಲ್ಲಿ ತುಂಬಿದ. ಬೆರಳು ಮರಗಟ್ಟಿ ಅವಳು ಉಫ್ ಎಂದು ಊದಿಕೊಂಡಾಗ ಅವನು ತನ್ನ ಹೆಗಲ ಮೇಲಿದ್ದ ಟವೆಲ್ ಕೊಟ್ಟ. ತೊಟ್ಟಿ ಕಂಠಮಟ್ಟ ತುಂಬಿತು. ತಮ್ಮನ ಸರದಿ ಬಂತು.

ಕೆಳಗೆ ನಿಂತವರಿಗೆ ಕಾರು ಕಾಣುವುದಿಲ್ಲ, ಸದ್ದು ಮಾತ್ರ. ಅಕ್ಕ ಕಣ್ಣು ಮುಚ್ಚಿ ಕೇಳಿದಳು. ಮೊದಲ ತಿರುವು, ಎರಡನೆಯದು. ಸುಸ್ತು ಹೊಡೆಯುತ್ತಿದ್ದ ಜಾಗ ಅದು. ಎಂಜಿನ್ನಿನ ದನಿ ಇಳಿಯಲಿಲ್ಲ. ಟಕಟಕ ಇಲ್ಲ. ಒಂದೇ ಉಸಿರಿಗೆ ಹತ್ತಿಕೊಂಡು ಹೋಗಿ ಗುಡ್ಡದಾಚೆ ಕರಗಿತು. ಅಪ್ಪ ಇದ್ದಿದ್ದರೆ ಎಂದು ಅವಳಿಗೆ ಅನ್ನಿಸಿತು.

ತಮ್ಮನಿಗೆ ನಾಲ್ಕನೆಯ ಸ್ಥಾನ. ನಾಲ್ಕನೆಯವರಿಗೆ ಏನೂ ಕೊಡುವುದಿಲ್ಲ. ಆದರೂ ಅವನು ಇಳಿದು ಬಂದವನೇ ಅಕ್ಕನನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟ. "ಇಳಿಸೋ ಕತ್ತೆ, ಸೊಂಟ ಹೋಗುತ್ತೆ ನಿಂದು!" ಎಂದು ಅವಳು ಗುದ್ದಿದರೂ ನಗು ತಡೆಯಲಾಗಲಿಲ್ಲ.

ವಾಪಸು ಬರುವಾಗ ತಮ್ಮನ ಕಾರಿನಲ್ಲಿ ಮೇಷ್ಟ್ರುಗಳು ತುಂಬಿಕೊಂಡರು. ಅಕ್ಕ ಐಸಿನ ಗಾಡಿ ಹತ್ತಿದಳು. ಸುತ್ತಿ ಬಳಸಿ ಮಾತಾಡಿ ಅವಳಿಗೆ ಅಭ್ಯಾಸವಿಲ್ಲ.

"ನೀವು ನನ್ನನ್ನ ಅಕ್ಕ ಅಂತ ಯಾಕೆ ಅನ್ನಲ್ಲ?"

ಅವನು ಗಾಡಿಯನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದ. ಕಿವಿ ಕೆಂಪಾಗಿತ್ತು. "ಮನಸ್ಸು ಬರಲಿಲ್ಲ ಕಣ್ರೀ."

"ಸರಿ. ಅವ್ವನ ಹತ್ರ ಒಂದು ಮಾತು ಕೇಳ್ಬೇಕು," ಎಂದಳು ಅಕ್ಕ.

ಅವ್ವನನ್ನು ಕೇಳುವ ಕಷ್ಟವೇ ಇರಲಿಲ್ಲ. "ನಾನು ಹೂಂ ಅಂದು ವರ್ಷಾನುಗಟ್ಟಲೆ ಆಯ್ತು, ಕೇಳೋರೇ ಇರಲಿಲ್ಲ," ಎಂದಳು.

ಈಗ ಅವರಿಬ್ಬರೂ ಕಾರ್ಖಾನೆಯ ಮೇಲಿನ ಎರಡು ಕೋಣೆಗಳಲ್ಲಿ ಇದ್ದಾರೆ, ಅವ್ವನೂ ಜೊತೆಗಿದ್ದಾಳೆ. ಅಂಗಡಿಗೆ ಬಿಡುವಿಲ್ಲ. ಗುಡ್ಡದ ಕಥೆ ಕೇಳಿ ಐಸಿನ ತೊಟ್ಟಿ ಬೇಕೆಂದು ಬರುವವರಿಗೆಲ್ಲ ಅವಳು, "ದಿನಾ ಓಡಿಸೋ ಗಾಡಿಗೆ ಮುಂದೆ ತಕ್ಕ ಅಳತೆಯ ಒಂದು ಇಂಟರ್‌ಕೂಲರ್ ಸಾಕು, ತಲೆಹರಟೆ ಬೇಡ," ಎಂದು ಗದರಿಸಿ ಕಳಿಸುತ್ತಾಳೆ.

ಕಳೆದ ಭಾನುವಾರ ತಮ್ಮ ಮತ್ತೆ ಬಂದಿದ್ದ. ನೀರಿಗೆ ಸ್ಪಿರಿಟ್ ಬೆರೆಸಿ, ಗಾಳಿ ಹೋಗುವ ಪೈಪಿನ ಒಳಗೇ ಮಂಜಿನ ಹಾಗೆ ಚಿಮುಕಿಸಿದರೆ ಹೇಗೆ ಎಂದು ಕೇಳಿದ. "ಹುಚ್ಚು ಹಿಡಿದಿದೆ ನಿನಗೆ," ಎಂದು ಅಕ್ಕ ರೇಗಿದಳು. ಗಂಡ ಸ್ವೆಟರಿನ ತೋಳು ಮಡಚುತ್ತಾ, "ಎಷ್ಟು ಸಣ್ಣ ಹನಿ ಬೇಕಾಗುತ್ತೆ?" ಎಂದ. ಅಕ್ಕ ಅವನನ್ನೊಮ್ಮೆ, ತಮ್ಮನನ್ನೊಮ್ಮೆ ದುರುಗುಟ್ಟಿ ನೋಡಿ, ಹೋಗಿ ಬಾನೆಟ್ ಎತ್ತಿದಳು.