ಐರ್ಲೆಂಡಿನ ಪಾಲಾದ ಗೆಳತಿ

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ಪ್ರತಿ ಶನಿವಾರ ಸಂಜೆ ಐರ್ಲೆಂಡಿನ ಇತಿಹಾಸದ ಮೇಲೆ ಉಪನ್ಯಾಸ ಇದೆ ಅಂತ ಗೊತ್ತಾದಾಗ ಮೊದಲು ನಕ್ಕವಳು ನನ್ನ ಗೆಳತಿಯೇ. "ಐರ್ಲೆಂಡಾ? ಅದು ಎಲ್ಲುಂಟು ಮಾರಾಯ್ತಿ?" ಅಂದಿದ್ದಳು. ಸುಮ್ಮನೆ ನೋಡಿ ಬರೋಣ ಅಂತ ಎಳೆದುಕೊಂಡು ಹೋದವಳೂ ಅವಳೇ.

ಅವಳು ಉಡುಪಿ ಕಡೆಯವಳು, ನಾನು ವಿಜಯಪುರದವಳು. ನಮ್ಮ ಆಫೀಸುಗಳು ಬೇರೆ, ಲೋಕಲ್ ರೈಲು ಒಂದೇ. ಮದುವೆಯಾದ ಹೊಸತರಿಂದ ನಿವೃತ್ತಿಯವರೆಗೂ ಲೇಡೀಸ್ ಡಬ್ಬಿಯ ಅದೇ ಬಾಗಿಲ ಹತ್ತಿರ ನಿಂತು ಹೋದವರು ನಾವು. ಸುತ್ತ ಮರಾಠಿ, ಹಿಂದಿ. ನಡುವೆ ನಮ್ಮಿಬ್ಬರ ಕನ್ನಡ. ಅವಳ ಮೊದಲ ಬಸಿರು ನಿಲ್ಲದೆ ಹೋದದ್ದು, ನನ್ನ ಅತ್ತೆ ಮಾತು ಬಿಟ್ಟದ್ದು, ಎಲ್ಲವನ್ನೂ ಆ ನೂಕುನುಗ್ಗಲಲ್ಲೇ ಹೇಳಿಕೊಂಡಿದ್ದೆವು. ಅವಳ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಉಳಿದಿಲ್ಲ ಅಂತ ನನಗೊಂದು ಹೆಮ್ಮೆ ಇತ್ತು.

ಉಪನ್ಯಾಸ ಕೊಡುವವರು ಡಬ್ಲಿನ್ನಿನ ಆಸ್ಪತ್ರೆಯಲ್ಲಿ ಬಹಳ ವರ್ಷ ನರ್ಸ್ ಆಗಿದ್ದವರು. ನಿವೃತ್ತರಾಗಿ ನೆರೂಳಿನ ತಂಗಿಯ ಮನೆಗೆ ಬಂದಿದ್ದರು. ಬಿಳಿ ಕೂದಲನ್ನು ಗಿಡ್ಡ ಕತ್ತರಿಸಿಕೊಂಡು, ಕಾಟನ್ ಸೀರೆ ಉಟ್ಟು, ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ಮಾತಾಡುತ್ತಿದ್ದರು. ಅವರೂ ಉಡುಪಿಯವರೇ. ಮೊದಲ ದಿನ ಉಪನ್ಯಾಸ ಮುಗಿದ ಮೇಲೆ ನನ್ನ ಗೆಳತಿ ಹತ್ತಿರ ಹೋಗಿ "ಎಂಚ ಉಲ್ಲರ್?" ಅಂತ ಕ್ಷೇಮ ಕೇಳಿದಳು. ಅಷ್ಟೇ. ಇಬ್ಬರೂ ತುಳುವಿಗೆ ಇಳಿದುಬಿಟ್ಟರು. ನಾನು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತೇ ಇದ್ದೆ.

ಮುಂದಿನ ಶನಿವಾರ ಅವಳು ಮುಂದಿನ ಸಾಲಿನಲ್ಲಿ ಕೂತಳು. ಅದರ ಮುಂದಿನ ವಾರಕ್ಕೆ ಉಪನ್ಯಾಸಕಿ ಅವಳಿಗೆ "ಅಕ್ಕ" ಆಗಿದ್ದರು. ಸಂಜೆ ವಾಕಿಂಗಿಗೆ ಹೋದರೆ ಬರೀ ಅಕ್ಕನ ಮಾತು: ಆಲೂಗಡ್ಡೆ ಬೆಳೆ ಕೊಳೆತು ಜನ ಸಾಯುವಾಗಲೂ ಅಲ್ಲಿಂದ ಧಾನ್ಯದ ಹಡಗುಗಳು ಇಂಗ್ಲೆಂಡಿಗೆ ಹೋದವಂತೆ, ಹಸಿದವರಿಂದ ಕೂಲಿಗೆ ಎಲ್ಲಿಗೂ ಸೇರದ ರಸ್ತೆ ಮಾಡಿಸಿದರಂತೆ. ನಾನೂ ಅದೇ ಸಭೆಯಲ್ಲಿ ಕೂತು ಅದನ್ನೆಲ್ಲ ಕೇಳಿದ್ದೆ. ನನಗೇ ಹೊಸದಾಗಿ ಹೇಳುತ್ತಿದ್ದಳು. ನೆರೂಳಿಗೆ ಊಟಕ್ಕೆ ಇಬ್ಬರನ್ನೂ ಕರೆದಿದ್ದಾರೆ ಅಂದಾಗ ನಾನು ಮೊಣಕಾಲು ನೋವು ಅಂದೆ. "ಹಾಗಾದ್ರೆ ರೆಸ್ಟ್ ತಗೋ" ಅಂತ ಒಬ್ಬಳೇ ಹೋದಳು. ಆ ದಿನವಿಡೀ ಅಲ್ಲಿ ಏನು ತಿಂದಿರಬಹುದು, ಏನು ಮಾತಾಡಿ ನಗುತ್ತಿರಬಹುದು ಅಂತ ಅದೇ ಯೋಚನೆ.

ಮರುವಾರದ ಉಪನ್ಯಾಸ ಐರಿಶ್ ಭಾಷೆಯ ಬಗ್ಗೆ. ಶಾಲೆಗೆ ಹೋಗುವ ಮಕ್ಕಳ ಕೊರಳಿಗೆ ಒಂದು ಕೋಲು ಕಟ್ಟುತ್ತಿದ್ದರಂತೆ. ಮನೆಮಾತು ಬಾಯಿಗೆ ಬಂದಾಗಲೆಲ್ಲ ಅದರ ಮೇಲೆ ಒಂದು ಗೀರು. ಸಂಜೆ ಗೀರಿಗೆ ತಕ್ಕ ಏಟು. ನನ್ನ ಗೆಳತಿ ಕಣ್ಣು ಕೀಳದೆ ಅವರನ್ನೇ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ, ಎದ್ದು ನಿಂತೆ.

"ಇದೆಲ್ಲಾ ಖರೆ ಇರಬಹುದ್ರಿ. ಆದ್ರ ಡೊಂಬಿವಲಿ ಮಂದಿಗೆ ಇದರಿಂದ ಏನಾಗಬೇಕು? ಆ ಕೋಲು ನಮ್ಮ ಪೈಕಿ ಯಾರ ಕೊರಳಾಗ ಬಿದ್ದೈತಿ?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಉಪನ್ಯಾಸಕಿ ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ನನ್ನ ಗೆಳತಿ ಎದ್ದಳು.

"ನನ್ನ ಕೊರಳಲ್ಲಿ ಬಿದ್ದಿತ್ತು," ಅಂದಳು. "ಕೋಲಲ್ಲ, ಮರದ ಒಂದು ಬಿಲ್ಲೆ. ನಮ್ಮ ಶಾಲೆಯಲ್ಲಿ ತುಳು ಮಾತಾಡಿದವರ ಕೊರಳಿಗೆ ಹಾಕ್ತಿದ್ರು. ಒಂದು ದಿನ ಹೊಟ್ಟೆನೋವು ಅಂತ ಟೀಚರಿಗೆ ಹೇಳ್ಲಿಕ್ಕೆ ಹೋದೆ. ಕನ್ನಡದಲ್ಲಿ ಬರ್ಲಿಲ್ಲ, ತುಳುವಿನಲ್ಲಿ ಬಂತು. ಬಿಲ್ಲೆ ಹಾಕಿಸಿಕೊಂಡು ಸಂಜೆತನಕ ನಿಂತಿದ್ದೆ."

ಉಪನ್ಯಾಸಕಿ ವೇದಿಕೆಯಿಂದ ಕೆಳಗಿಳಿದು ಬಂದು ಅವಳ ಕೈ ಹಿಡಿದುಕೊಂಡರು. ಹಿಡಿಯಬೇಕಾದದ್ದು ನಾನು. ನಾನು ಎರಡು ಕುರ್ಚಿ ಆಚೆಗೆ ಹಾಗೇ ನಿಂತಿದ್ದೆ.

ಇಬ್ಬರೂ ಸ್ಟೇಷನ್ ಸೇತುವೆ ದಾಟಿದೆವು. ಕೊನೆಗೆ ನಾನೇ ಕೇಳಿದೆ, "ಇಷ್ಟು ವರ್ಷದಾಗ ನನಗ ಯಾಕ ಹೇಳಲಿಲ್ಲ?"

"ನೆನಪೇ ಇರ್ಲಿಲ್ಲ ಮಾರಾಯ್ತಿ. ಅಕ್ಕ ಹೇಳಿದ ಮೇಲೆ ಬಂತು."

"ಅವರು ಹೇಳಿದ್ರ ನೆನಪಾಗ್ತದ. ನನ್ನ ಜೋಡಿ ದಿನಾ ಮಾತಾಡಿದ್ರೂ ಆಗಲಿಲ್ಲ."

ಅವಳು ನಿಂತು ನನ್ನ ಮುಖ ನೋಡಿದಳು. "ನಿಂಗೆ ಹೊಟ್ಟೆಕಿಚ್ಚಾ?" ಅಂದಳು. ನಗಲಿಲ್ಲ.

"ಹೌದು," ಅಂದೆ. ಬೇರೆ ಏನು ಹೇಳಲಿ? ಅವಳು ನನ್ನ ಚೀಲ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡಳು. ರಿಕ್ಷಾ ಸ್ಟ್ಯಾಂಡಿನ ತನಕ ಹಾಗೇ ನಡೆದೆವು.

ಸಂಘದವರು ಸುಮ್ಮನಿರಲಿಲ್ಲ. ಕೊನೆಯ ಶನಿವಾರ ಆ ಬಿಲ್ಲೆಯ ಬಗ್ಗೆ ನೀವೇ ಮಾತಾಡಿ ಅಂತ ಅವಳಿಗೆ ಗಂಟುಬಿದ್ದರು. ಜೀವಮಾನದಲ್ಲಿ ಮೈಕು ಮುಟ್ಟದವಳು. ವಾರವಿಡೀ ನಮ್ಮ ಅಡುಗೆಮನೆಯಲ್ಲಿ ನಿಂತು ನನ್ನೆದುರಿಗೇ ಅಭ್ಯಾಸ ಮಾಡಿದಳು. ನಾನು ಮೆಂತ್ಯ ಸೊಪ್ಪು ಸೋಸುತ್ತಾ ಕೇಳಿದೆ, ಅಲ್ಲಲ್ಲಿ ತಿದ್ದಿದೆ. ಅಕ್ಕನಿಗೆ ಇದನ್ನು ಹೇಳಿ ತೋರಿಸಿದ್ದೀಯಾ ಅಂತ ಕೇಳಿದೆ. ಇಲ್ಲ ಅಂದಳು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಶನಿವಾರ ಅಕ್ಕ ನನ್ನ ಪಕ್ಕದಲ್ಲೇ ಕೂತರು. ಗೆಳತಿ ಮಾತಾಡುವಾಗ ಯಾರ ಕಡೆ ನೋಡುತ್ತಾಳೆ ಅಂತಲೇ ನಾನು ನೋಡುತ್ತಿದ್ದೆ. ಹೆಚ್ಚಾಗಿ ಅವರ ಕಡೆಗೇ. ಅರ್ಧದಲ್ಲಿ ಮಾತು ಮರೆತು ನಿಂತಳು. ಆಗ ಮಾತ್ರ ಕಣ್ಣು ನನ್ನ ಮೇಲೆ ಬಂತು. ಮುಂದಿನ ಸಾಲು ನನಗೆ ಬಾಯಿಪಾಠ. ತುಟಿಯಲ್ಲೇ ಹೇಳಿದೆ, ಅವಳು ಹಿಡಿದುಕೊಂಡು ಮುಂದೆ ಹೋದಳು. "ನೀವಿದ್ದದ್ದು ಒಳ್ಳೇದಾಯ್ತು" ಅಂದರು ಪಕ್ಕದಲ್ಲಿದ್ದವರು. ಅವರ ದನಿಯಲ್ಲಿ ಏನೂ ಕಹಿ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಮೇಲೆ ಮೂವರೂ ಚಹಾ ಕುಡಿಯಲು ಹೋದೆವು. ಸ್ವಲ್ಪ ಹೊತ್ತು ಕನ್ನಡ, ಆಮೇಲೆ ಅವರಿಬ್ಬರೂ ತಮಗೇ ಗೊತ್ತಾಗದೆ ತುಳುವಿಗೆ ಜಾರಿದರು. ನಾನು ಇನ್ನೊಂದು ಅರ್ಧ ಲೋಟದ ಕಟಿಂಗ್ ಚಹಾ ಹೇಳಿದೆ, ಅವಳು ನನ್ನ ಕಡೆ ತಿರುಗುವವರೆಗೆ ಕುಡಿಯುತ್ತಾ ಕೂತಿರೋಣ ಅಂತ.